ಮನೆಗೊಬ್ಬ ಹುಲಿ ಬೇಟೆಗಾರ

ಸಾಸಲು ಪಕ್ಕದ ನಮ್ಮ ಹಳ್ಳಿಯಲ್ಲಿ ಆಗ ಮನೆಗೊಬ್ಬ ಹುಲಿ ಬೇಟೆಗಾರನಿದ್ದ. ಹುಲಿ ಮಾತ್ರ ಒಂದೂ ಇರಲಿಲ್ಲ! ಈ ಪವಾಡಕ್ಕೆಲ್ಲ ನಮ್ಮ ಚಿಕ್ಕಮಾವನವರೇ ಕಾರಣ. ಅವರು ನನ್ನ ಮಾವನವರ ತಮ್ಮ, ದೊಡ್ಡಬಳ್ಳಾಪುರದ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು.

ಆ ದಿನ ಬೆಳಿಗ್ಗೆ ಎಂದಿನಂತೆ ಅಂಗಳ ಗುಡಿಸಿ, ಸಗಣಿನೀರು ಹಾಕಿ, ರಂಗೋಲಿ ಎಳೆದು, ಚಿಕ್ಕಮಾವನವರಿಗೆ ಬೆಲ್ಲದ ಕಾಫಿ ಕೊಟ್ಟೆ. ಎಂದಿನಂತೆ ಅವರು ಕುಂಚವನ್ನು ಕಾಫಿಗೆ ಅದ್ದಿದರು. ಎಂದಿನಂತೆ ನಾನು ಇನ್ನೊಂದು ಲೋಟ ತಂದೆ. ಬೇರೆಯಾಗಿದ್ದದ್ದು ಒಂದೇ. ಅಂದು ಯುಗಾದಿಯ ಮರುದಿನ, ಹೊಸತೊಡಕು. ಊರ ಗಂಡಸರೆಲ್ಲ ಬಲೆ ಹೊತ್ತು, ನಾಯಿಗಳನ್ನು ಹೊರಡಿಸಿಕೊಂಡು ಮೊಲದ ಬೇಟೆಗೆ ಹೋಗುವ ದಿನ.

ಮೊಲ ಸಾಯುವುದೆಂದರೆ ಚಿಕ್ಕಮಾವನವರಿಗೆ ತಡೆಯಲಾಗದ ಸಂಕಟ. ಮೊದಲು ಉಪದೇಶ ಮಾಡಿ ನೋಡಿದ್ದರು. ಜನ ಕೈಮುಗಿದು ಕೇಳಿ, ಹಾಗೇ ಬೇಟೆಗೆ ಹೋದರು. ಆಮೇಲೊಂದು ದಿನ ಕ್ಷೌರದಂಗಡಿಯಲ್ಲಿ ಯಾವನೋ ದೊರೆ ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ಪಟವನ್ನೂ, ಅದನ್ನು ಬಾಯಿಬಿಟ್ಟು ನೋಡುತ್ತಿದ್ದ ನಮ್ಮೂರವರನ್ನೂ ಕಂಡರು. ಸರಿ, ಊರಿಗೆ ಬಂದು ಸಾರಿಯೇಬಿಟ್ಟರು: "ಬಲೆ ನನ್ನ ಅಟ್ಟಕ್ಕೆ, ಹುಲಿ ನಿಮ್ಮ ಗೋಡೆಗೆ."

ಬಲೆ ತಂದುಕೊಟ್ಟವನು ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ಹಾಗೆ ಪಟ ಬರೆದುಕೊಡುತ್ತಿದ್ದರು. ಮೂರು ವರ್ಷದಲ್ಲಿ ನಮ್ಮ ಅಟ್ಟ ಬಲೆಗಳಿಂದ ತುಂಬಿತು. ಉಪ್ಪಿನಕಾಯಿ ಜಾಡಿ ಇಳಿಸಲು ಹತ್ತಿದ ನಾನೇ ಎರಡು ಸಲ ಸಿಕ್ಕಿಬಿದ್ದೆ.

ಒಂದೇ ತೊಡಕು. ಚಿಕ್ಕಮಾವನವರ ಕೈಗೆ ಪ್ರಾಣಿ ಬಗ್ಗುತ್ತಿತ್ತೇ ಹೊರತು ಮನುಷ್ಯ ಬಗ್ಗುತ್ತಿರಲಿಲ್ಲ. ಅವರ ಹುಲಿಯ ಮೀಸೆ ಗಾಳಿಗೆ ಅಲುಗೀತು ಅನ್ನಿಸುತ್ತಿತ್ತು. ಅದರ ಮೇಲೆ ನಿಂತವನ ಮುಖ ಮಾತ್ರ ಕಡವೆಯದೋ ಕರಡಿಯದೋ! ಎಣ್ಣೆ ಗಾಣದವರ ಹೆಂಡತಿ ತಮ್ಮ ಮನೆಯ ಪಟ ನೋಡಿ, "ಹುಲಿ ಚೆನ್ನಾಗೈತೆ ಮೇಷ್ಟ್ರೇ, ಮೇಲೆ ಕಾಲಿಟ್ಟಿರೋದು ಯಾವ ಪ್ರಾಣಿ?" ಎಂದಿದ್ದರು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೂ ನೀರುಬಣ್ಣ ಕಲಿಸಿದ್ದರು. "ಮುಖ ನಾನು ತಿದ್ದಲೇ ಮಾವ?" ಎಂದರೆ, "ನೀನು ಗುಲಾಬಿ ಹೂ ಬರೆಯೋಳು ಕಣಮ್ಮ, ಕುಂಚ ತೊಳಿ ಸಾಕು" ಅನ್ನುತ್ತಿದ್ದರು.

ಅವರು ಬರೆದ ಮನುಷ್ಯರ ಮುಖಗಳಲ್ಲಿ ಸರಿಯಾಗಿ ಬಂದದ್ದು ಒಂದೇ. ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡ ಅವರ ಹೆಂಡತಿ, ಚಿಕ್ಕತ್ತೆಯವರದು. ಅವರ ಫೋಟೋ ತೆಗೆಸಿರಲಿಲ್ಲ. ಇದ್ದದ್ದು ಆ ಚಿತ್ರವೊಂದೇ. ವರ್ಷಕ್ಕೊಮ್ಮೆ, ಪಿತೃಪಕ್ಷದಲ್ಲಿ, ಟ್ರಂಕಿನಿಂದ ಹೊರಗೆ ಬರುತ್ತಿತ್ತು. ಮೂಗುಬೊಟ್ಟು, ಎಡಹುಬ್ಬಿನ ಮೇಲೊಂದು ಸಿಡುಬಿನ ಕಲೆ, ಇನ್ನೇನು ಬೈದೇಬಿಡುತ್ತಾರೆ ಅನ್ನುವಂಥ ನಗು.

ಇರಲಿ, ಆ ಬೆಳಿಗ್ಗೆಗೆ ಬರೋಣ. ಊರಲ್ಲಿ ಉಳಿದಿದ್ದದ್ದು ಒಂದೇ ಬಲೆ, ಊರ ಗೌಡರದು, ಎಲ್ಲಕ್ಕಿಂತ ಉದ್ದನೆಯದು. ಹಿಂದಿನ ದಿನವಷ್ಟೇ ಚಿಕ್ಕಮಾವನವರು ಕೆರೆ ಏರಿಯ ತಂಗಡಿ ಪೊದೆಯಲ್ಲಿ ಮೊಲವೊಂದು ಎರಡು ಮರಿ ಹಾಕಿರುವುದನ್ನು ಕಂಡು ಬಂದಿದ್ದರು. ಹಬ್ಬದ ಒಬ್ಬಟ್ಟನ್ನೂ ಎಲೆಯಲ್ಲೇ ಬಿಟ್ಟಿದ್ದರು.

ಗೌಡರು ಬಲೆ ಹೊತ್ತು, ಏಳೆಂಟು ಜನರನ್ನೂ ನಾಯಿಗಳನ್ನೂ ಹಿಂದಿಟ್ಟುಕೊಂಡು ನಮ್ಮ ಜಗಲಿಯ ಮುಂದೆಯೇ ಬಂದರು.

"ಕೆರೆ ಏರಿ ಕಡೆ ಹೊರಟ್ವಿ ಮೇಷ್ಟ್ರೇ. ನನ್ನ ಬಲೆ ನಿಮಗೆ ದಕ್ಕಾಕಿಲ್ಲ."

"ಹುಲಿ ಬರ್ಕೊಡ್ತೀನಿ ಗೌಡ್ರೇ."

"ಊರಲ್ಲಿ ಎಲ್ಲರ ಮನೇಲೂ ಹುಲಿ ಐತೆ. ನನಗೆ ಎರಡು ಬೇಕು. ಒಂದು ಸತ್ತಿರ್ಬೇಕು, ಇನ್ನೊಂದು ನನ್ನ ನೋಡಿ ಹೆದರ್ಕೊಂಡಿರ್ಬೇಕು."

"ಆಗ್ಲಿ."

"ಈಗ್ಲೇ ಬೇಕು. ಇಲ್ದಿದ್ರೆ ಹೊರಟೆ."

ಆದರೆ ಹಾಳೆ? ಯುದ್ಧದ ಕಾಲ, ಪೇಟೆಯಲ್ಲಿ ಮಕ್ಕಳ ಕಾಪಿ ಪುಸ್ತಕಕ್ಕೇ ಕಾಗದವಿರಲಿಲ್ಲ. ನಾನು ಹಳೆಯ ಕ್ಯಾಲೆಂಡರ್ ತಂದುಕೊಟ್ಟೆ. ಬಣ್ಣ ಅದರ ಮೇಲೆ ನಿಲ್ಲದೆ ಹರಿಯಿತು. ಗೌಡರು ಬಲೆಯನ್ನು ಮತ್ತೆ ಹೆಗಲಿಗೇರಿಸಿದರು. ಚಿಕ್ಕಮಾವನವರು ಒಳಗೆ ಹೋದರು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ದಪ್ಪನೆಯ ದೊಡ್ಡ ಹಾಳೆಯೊಂದನ್ನು ಎದೆಗೊತ್ತಿಕೊಂಡು ಬಂದರು.

"ಎಲ್ಲಿತ್ತು ಮಾವ?"

"ಇತ್ತು ಬಿಡಮ್ಮ ಒಂದು."

ಹಾಳೆಯನ್ನು ಬೋರ್ಡಿಗೆ ಬಿಗಿದು, ಅದರ ಅಂಚನ್ನು ಬೆರಳಿನಿಂದ ಸವರುತ್ತ ಕೂತರು. ಹುಲಿ ಬರಲೆಂದು ಕಾಯುತ್ತಿದ್ದಾರೆ ಅಂದುಕೊಂಡೆ.

ಅಂತೂ ಹುಲಿ ಬಂತು, ಎರಡೂ ಬಂದವು. ಗೌಡರು ಒಂದು ಕಾಲನ್ನು ನನ್ನ ಒರಳುಕಲ್ಲಿನ ಮೇಲಿಟ್ಟು ಮಧ್ಯಾಹ್ನದವರೆಗೆ ನಿಂತರು. ಬೇಟೆಗಾರರು ನಮ್ಮ ಒಬ್ಬಟ್ಟು ಮುಗಿಸಿದರು, ನಾಯಿಗಳು ನನ್ನ ರಂಗೋಲಿಯ ಮೇಲೆ ನಿದ್ದೆ ಮಾಡಿದವು. ಚಿತ್ರದಲ್ಲಿ ಗೌಡರ ಮುಖ ಮಾತ್ರ, ಏನು ಹೇಳಲಿ, ಅಪ್ಪಟ ಮೊಲ! ಮೀಸೆಯ ಕೆಳಗೆ ಮೇಲ್ದುಟಿ ಸೀಳಿತ್ತು, ಕಣ್ಣು ಬೆದರಿತ್ತು. ಗೌಡರು ನೋಡಿ, "ಎರಡನೇ ಹುಲಿ ಹೆಂಗೆ ಹೆದರೈತೆ ನೋಡ್ರಲಾ" ಎಂದು ಹಿಗ್ಗಿದರು. ಚಿಕ್ಕಮಾವನವರು ಚಿತ್ರದ ಮೇಲೆ ಕೆಳಗೆ ಬಿದಿರ ದಬ್ಬೆ ಅಂಟಿಸಿ, ನೇತುಹಾಕಲು ದಾರ ಕಟ್ಟಿ, ಸುರುಳಿ ಸುತ್ತಿ ಕೊಟ್ಟರು. ಬಲೆ ಅಟ್ಟಕ್ಕೇರಿತು.

ಬೇಟೆ ತಪ್ಪಿದ ಊರು ಕುರಿ ಕೊಯ್ದು ಹಂಚಿಕೊಂಡಿತು. ಸಾರು ಸುರಿದುಕೊಳ್ಳುತ್ತಿದ್ದ ಚಿಕ್ಕಮಾವನವರನ್ನು ಕೇಳಿದೆ: "ಕುರಿಗೆ ಯಾಕೆ ಮಾವ ಚಿತ್ರ ಇಲ್ಲ?"

"ಕುರಿ ಬರೆದ್ರೆ ನಿನ್ನ ಗಂಡನ ಥರ ಬರುತ್ತೆ ಕಣಮ್ಮ. ಸುಮ್ನೆ ಬಡಿಸು."

ಊಟವಾದ ಮೇಲೆ ಕೆರೆ ಏರಿಗೆ ಹೋಗಿ ಮರಿಗಳನ್ನು ನೋಡಿ ಬಂದರು.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಲಕ್ಷ್ಮಕ್ಕ ಹಾಲಿಗೆ ಹಾಕಲು ಹೆಪ್ಪು ಕೇಳಿಕೊಂಡು ಬಂದರು. ಬಟ್ಟಲು ಮುಂದೆ ಹಿಡಿದೇ ಮಾತು ತೆಗೆದರು. "ಗೌಡ್ರ ಮನೆಗೆ ಹೋಗಿದ್ದೆ ಕಣವ್ವ. ಆ ಪಟದ ಹಿಂದ್ಗಡೆ ಯಾರೋ ಹೆಣ್ಣುಮಗಳ ಚಿತ್ರ ಐತೆ. ಎಷ್ಟು ಲಕ್ಷಣವಾಗವ್ಳೆ. ಹುಬ್ಬಿನ ಮೇಲೆ ಸಿಡುಬಿನ ಕಲೆ ಕೂಡ ಬರ್ದವ್ರೆ."

ಮೊಸರಿನ ಚಮಚ ಹಿಡಿದೇ ಹೊರಗೆ ಬಗ್ಗಿ ನೋಡಿದೆ. ಜಗಲಿಯ ಮೇಲೆ ಚಿಕ್ಕಮಾವನವರು, ನಾನು ಆಗಲೇ ತೊಳೆದಿಟ್ಟಿದ್ದ ಕುಂಚಗಳನ್ನು ಮತ್ತೆ ತೊಳೆಯುತ್ತಿದ್ದರು.

ಲಕ್ಷ್ಮಕ್ಕನಿಗೆ ಇದೊಂದೂ ಕಾಣಲಿಲ್ಲ. "ಗೌಡ್ತಿ ಏನ್ ಮಾಡವ್ಳೆ ಗೊತ್ತಾ? 'ನಮ್ಮೆಜಮಾನ್ರು ಗೋಡೆ ನೋಡ್ಕೊಂಡಿರ್ಲಿ, ಈಯಮ್ಮ ನಮ್ಮನ್ನ ನೋಡ್ಲಿ' ಅಂತ ಪಟಾನ ತಿರುಗ್ಸಿ ನೇತಾಕಿ, ಕುಂಕುಮ ಇಟ್ಟು, ಹೂ ಮುಡಿಸವ್ಳೆ. ಅದಿರ್ಲಿ, ಹೆಪ್ಪು ಕೊಡವ್ವ, ಹಾಲು ಆರೋಯ್ತದೆ."