ಯಾರು ಮುಟ್ಟಿದ್ದು?

ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ಮೊದಲು ಒಲೆ ಆರಿಸುವ ಪದ್ಧತಿ ಇಲ್ಲ. ಹಾಲಿನ ಮುಂದೆ ನಿಂತಿರಬೇಕಾಗಿದ್ದವರು ಯಾರು, ಅವರನ್ನು ಅಲ್ಲಿಂದ ಕರೆದವರು ಯಾರು, ಇದೆಲ್ಲ ಇತ್ಯರ್ಥವಾಗಬೇಕು. ಅಷ್ಟರಲ್ಲಿ ಹಾಲೇ ಒಲೆ ಆರಿಸಿರುತ್ತದೆ. ಬನಶಂಕರಿಯ ಹಳೇ ಬಾಡಿಗೆ ಮನೆಯಲ್ಲಿ ಒಮ್ಮೆ ಫ್ಯೂಸ್ ಹೋದಾಗ ನಮ್ಮಪ್ಪ ಕತ್ತಲಲ್ಲೇ ವಿಚಾರಣೆ ನಡೆಸಿದ್ದರು. ಇಸ್ತ್ರಿ ಪೆಟ್ಟಿಗೆ ಹಾಕಿದ್ದು ಅಕ್ಕ ಎಂದು ಸಾಬೀತಾದ ಮೇಲೆಯೇ ಮೇಣದಬತ್ತಿ ಹಚ್ಚಿದ್ದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನೆಂಟರೆಲ್ಲ ಆಡಿಕೊಳ್ಳುತ್ತಾರೆ. ಇವರಿಗೇನು ಗೊತ್ತು? ನನ್ನ ಮೂಗಿನ ತುದಿಯಲ್ಲಿ ಇರುವುದು ಕನ್ನಡಕ. ಸಿಟ್ಟು ಅಡಿಯಿಂದ ಮುಡಿಯವರೆಗೂ ಇದೆ, ಅದಕ್ಕೆ ತಕ್ಕ ಕಾರಣವೂ ಇದೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಜೆ.ಪಿ. ನಗರದಲ್ಲಿ ಅಮ್ಮ, ಹೆಂಡತಿ ಸುಧಾ ಮತ್ತು ನಾನು ಇದ್ದೆವು. ನಾನೊಂದು ಆಫೀಸಿನಲ್ಲಿ ಕಾಂಟ್ರಾಕ್ಟ್ ಮೇಲೆ ಕಂಪ್ಯೂಟರುಗಳಿಗೆ ವೈರು ಎಳೆಯುವ ಕೆಲಸಕ್ಕಿದ್ದೆ. ಒಂದು ದಿನ ಮ್ಯಾನೇಜರು ಕರೆದು, "ಒಂದು ಪರ್ಮನೆಂಟ್ ಪೋಸ್ಟ್ ಇದೆ. ನೆಟ್‌ವರ್ಕ್ ಪರೀಕ್ಷೆ ಯಾರು ಮೊದಲು ಪಾಸ್ ಮಾಡ್ತಾರೋ ಅವರಿಗೆ. ಮಿಕ್ಕವರ ಕಾಂಟ್ರಾಕ್ಟ್ ಯುಗಾದಿಗೆ ಮುಗಿಯತ್ತೆ" ಅಂದರು. ಮುಗಿಯುತ್ತದೆ ಅನ್ನುವುದನ್ನು ಏನು ನಯವಾಗಿ ಹೇಳಿದರು ಅಂತೀರಿ, ಹಬ್ಬಕ್ಕೆ ಊಟಕ್ಕೆ ಕರೆದಹಾಗೆ. ಪರೀಕ್ಷೆಯ ಮಿಕ್ಕ ಪೇಪರುಗಳನ್ನು ಉರುಹೊಡೆದು ದಾಟಿದೆ. ಉಳಿದದ್ದು ಕೊನೆಯದು, ಟ್ರಬಲ್‌ಶೂಟಿಂಗ್. ಕೆಟ್ಟುಹೋದ ನೆಟ್‌ವರ್ಕ್ ಒಂದನ್ನು ಪರದೆಯ ಮೇಲೆ ಕೊಡುತ್ತಾರೆ, ಎಲ್ಲಿ ಕೆಟ್ಟಿದೆ ಅಂತ ಹುಡುಕಿ ಸರಿಮಾಡಬೇಕು. ಹುಡುಕುವುದು ನಮ್ಮ ವಂಶದ ಕಸುಬು, ಇದೇನು ಮಹಾ ಅಂದುಕೊಂಡೆ.

ಅದೇ ಪೋಸ್ಟಿಗೆ ಕಾದಿದ್ದವನು ಬಸವರಾಜ. ಗದಗಿನ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ. ಅವನ ಹತ್ತಿರ ಒಳ್ಳೇ ಪುಸ್ತಕಗಳಿದ್ದವು, ನನ್ನ ಹತ್ತಿರ ಎಸ್.ಪಿ. ರೋಡಿನ ಗುಜರಿಯಿಂದ ಹೊತ್ತು ತಂದ ಹಳೇ ರೂಟರ್ ಡಬ್ಬಿಗಳಿದ್ದವು. ಹೀಗಾಗಿ ಶತ್ರುಗಳಿಬ್ಬರೂ ಭಾನುವಾರ ಒಟ್ಟಿಗೆ ಓದುವುದು ಅಂತಾಯಿತು. ಡಬ್ಬಿಗಳನ್ನು ಜೋಡಿಸಿದ್ದು ದೇವರ ಮನೆಯ ಪಕ್ಕ, ಪ್ಲಗ್ಗು ಇದ್ದದ್ದು ಅಲ್ಲಿ ಮಾತ್ರ. ನಾನು ಹೊರಗೆ ಹೋಗಬೇಕು, ಬಸವರಾಜ ಏನಾದರೊಂದು ಕೆಡಿಸಿಡಬೇಕು, ನಾನು ಬಂದು ಹುಡುಕಬೇಕು. ಆಮೇಲೆ ನಾನು ಕೆಡಿಸುವುದು, ಅವನು ಹುಡುಕುವುದು.

ಅವನು ಹುಡುಕುವ ಚಂದ ನೋಡಿದರೆ ಮೈ ಉರಿಯುತ್ತಿತ್ತು. ವೈರು ಕೂತಿದೆಯೇ, ದೀಪ ಹತ್ತಿದೆಯೇ, ಇಲ್ಲಿಂದ ಅಲ್ಲಿಗೆ ತಲುಪುತ್ತಿದೆಯೇ, ಅಲ್ಲಿಂದ ಮುಂದಕ್ಕೆ? ಮದುವೆ ಮನೆಯಲ್ಲಿ ಅಕ್ಕಿ ಆರಿಸುವ ಮುದುಕಿಯ ಹಾಗೆ ಒಂದೊಂದೇ ನೋಡುತ್ತಾ ಹೋಗುತ್ತಿದ್ದ. ಅರ್ಧ ಗಂಟೆ ಬೇಕು ಮಹಾರಾಯನಿಗೆ. ನನಗೆ ಐದು ನಿಮಿಷ ಸಾಕಾಗುತ್ತಿತ್ತು. ಯಾಕೆಂದರೆ ನಾನು ಡಬ್ಬಿಗಳನ್ನು ನೋಡುತ್ತಲೇ ಇರಲಿಲ್ಲ, ಅವನ ಮುಖ ನೋಡುತ್ತಿದ್ದೆ. ಅವನು ಕೆಡಿಸಿದ ಡಬ್ಬಿಯ ಹತ್ತಿರ ನನ್ನ ಕೈ ಹೋದರೆ ಸಾಕು, ಕಿವಿ ಕೆರೆದುಕೊಳ್ಳುತ್ತಿದ್ದ. ಅದೂ ಸಾಲದಿದ್ದರೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ, "ಅಮ್ಮ, ಅವನು ಎಲ್ಲಿ ಕೈ ಹಾಕಿದ?" ಅಂತ ಕೇಳುತ್ತಿದ್ದೆ. ಅಮ್ಮ ಹೂಬತ್ತಿ ಹೊಸೆಯುತ್ತಾ, "ಆ ಎಡಗಡೆ ಡಬ್ಬಿ ಕಣೋ. ಏನೋ ಟಕಟಕ ಅಂತ ಕುಟ್ಟಿದ, ಆಮೇಲೆ ನೀಲಿ ವೈರು ಕಿತ್ತು ಪಕ್ಕದ ತೂತಿಗೆ ಹಾಕಿದ" ಅನ್ನುತ್ತಿದ್ದರು. ನಾನು ಗಂಭೀರವಾಗಿ ಹೊರಗೆ ಬಂದು ಗಲ್ಲ ಉಜ್ಜಿಕೊಂಡು ನೀಲಿ ವೈರು ಹಿಡಿಯುತ್ತಿದ್ದೆ.

"ಏನ್ ಜಬರ್ದಸ್ತ್ ಅದೀರಿ ಸರ ನೀವು, ನೀವು ಪೊಲೀಸ್ ಇಲಾಖೆಗೆ ಹೋಗ್ಬೇಕಿತ್ರಿ" ಅಂದ ಬಸವರಾಜ. ಹೊಗಳಿಕೆ ಅಂತಲೇ ತಿಳಿದು ಅವನಿಗೆ ಇನ್ನೊಂದು ಲೋಟ ಕಾಫಿ ಕೊಡಿಸಿದೆ.

ಆಮೇಲೆ ಆ ಭಾನುವಾರ ಬಂತು. ಬೆಳಗಿನಿಂದ ಕೂತು ಹೊಸದೊಂದು ಜೋಡಣೆ ಮಾಡಿ, ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುವಷ್ಟರಲ್ಲಿ ಎಲ್ಲ ಸತ್ತು ಮಲಗಿತ್ತು. ಮತ್ತೆ ಎಬ್ಬಿಸಿದರೆ ರೂಟರುಗಳು ತಮ್ಮ ಹೆಸರನ್ನೂ ಮರೆತಿದ್ದವು. ಬಸವರಾಜ ಇನ್ನೂ ಬಂದಿರಲಿಲ್ಲ. ನನ್ನ ರಕ್ತ ಕುದಿಯಿತು.

"ಯಾರು ಮುಟ್ಟಿದ್ದು?"

"ನಾನೇನೂ ಮುಟ್ಟಲಿಲ್ಲಪ್ಪ. ಸ್ವಿಚ್ ಆರಿಸಿದೆ ಅಷ್ಟೆ. ಸುಮ್ನೆ ಮಿಣಮಿಣ ಅಂತ ಉರೀತಿತ್ತು, ಮನೇಲಿ ನೀನೂ ಇರಲಿಲ್ಲ" ಅಂದರು ಅಮ್ಮ.

ಮುಟ್ಟಲಿಲ್ಲವಂತೆ, ಆರಿಸಿದರಂತೆ. ನಾನು ಕೂಗಾಡಿದೆ. ನನ್ನ ಅನ್ನಕ್ಕೆ ಕಲ್ಲು ಹಾಕುವವರು ಹೊರಗಡೆ ಯಾರೂ ಬೇಕಾಗಿಲ್ಲ, ಮನೆಯಲ್ಲೇ ಇದ್ದಾರೆ ಅಂದೆ. ಅದನ್ನು ಅನ್ನಬಾರದಿತ್ತು. ಸುಧಾ ಅಡುಗೆ ಮನೆಯಿಂದ ಬಂದು, "ರೀ, ಕರೆಂಟ್ ಹೋದ್ರೂ ನೆನಪಿರೋ ಹಾಗೆ ಸೇವ್ ಮಾಡೋದು ಅಂತ ಒಂದಿದೆ ಅಂತ ನೀವೇ ಹೇಳಿದ್ರಲ್ಲ. ಮಾಡಿದ್ರಾ?" ಅಂತ ಕೇಳಿದಳು.

"ಪ್ರಶ್ನೆ ಅದಲ್ಲ. ಸ್ವಿಚ್ ಆರಿಸಿದ್ದು ಯಾರು ಅನ್ನೋದು ಪ್ರಶ್ನೆ."

"ಅದು ಗೊತ್ತಾಯ್ತಲ್ಲ. ಸೇವ್ ಮಾಡಿದ್ರಾ?"

ಇಂಥ ಹೆಂಗಸಿನ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ. ಅಮ್ಮ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಸುಬ್ರಹ್ಮಣ್ಯಪುರಕ್ಕೆ, ಅಕ್ಕನ ಮನೆಗೆ ಹೊರಟುಹೋದರು. ಹೋಗಲಿ, ನೆಮ್ಮದಿಯಾಗಿ ಓದಬಹುದು ಅಂದುಕೊಂಡೆ. ಅವರ ಹಿಂದೆಯೇ ನನ್ನ ವಿದ್ಯೆಯೂ ಹೊರಟುಹೋಯಿತು. ಮುಂದಿನ ಭಾನುವಾರಗಳಲ್ಲಿ ನೀರು ಕುಡಿದೂ ಕುಡಿದೂ ಹೊಟ್ಟೆ ಉಬ್ಬಿತೇ ಹೊರತು ಸುಳಿವು ಸಿಗಲಿಲ್ಲ. ಸುಧಾಳನ್ನು ಕೇಳಿದರೆ "ನಾನು ನೋಡ್ಲಿಲ್ಲ" ಅನ್ನುತ್ತಿದ್ದಳು, ಅದೂ ನೋಡಿದ ದನಿಯಲ್ಲಿ. ಬಸವರಾಜನೂ ಜಾಣನಾಗಿದ್ದ. ಕೆಡಿಸಿಟ್ಟು ಬಾಲ್ಕನಿಗೆ ಹೋಗಿ ಬೀದಿ ನೋಡುತ್ತಾ ನಿಲ್ಲುತ್ತಿದ್ದ, ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ನೋಡಿ ಯಾರಿಗೆ ಏನು ತಿಳಿಯುತ್ತದೆ ಹೇಳಿ.

ಪರೀಕ್ಷೆ ಜಯನಗರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಚಳಿ ಹುಟ್ಟುವಷ್ಟು ಏಸಿ. ಮೊದಲನೇ ಪ್ರಶ್ನೆ, ಎರಡು ಆಫೀಸುಗಳ ನಡುವೆ ಸಂಪರ್ಕ ಕಡಿದಿದೆ, ಸರಿಪಡಿಸಿ. ನಾನು ಅಭ್ಯಾಸಬಲದಿಂದ ತಲೆ ಎತ್ತಿದೆ. ಎದುರಿಗೆ ಸುಣ್ಣ ಬಳಿದ ಗೋಡೆ. ಕಿವಿ ಕೆರೆದುಕೊಳ್ಳುವವರು ಒಬ್ಬರೂ ಇಲ್ಲ. ಇದನ್ನು ಕೆಡಿಸಿದ ಪುಣ್ಯಾತ್ಮ ಎಂಥವನು, ಏನು ಓದಿದ್ದಾನೆ, ಎಲ್ಲಿ ಕೈ ಹಾಕಿರಬಹುದು ಅಂತ ಯೋಚಿಸುತ್ತಾ ಕೂತೆ. ಅಂಥವನು ಸುಲಭವಾದ ಜಾಗದಲ್ಲಿ ಕೆಡಿಸಿರಲಾರ ಅನ್ನಿಸಿ, ಇದ್ದಬದ್ದ ಕಷ್ಟದ ಜಾಗಗಳನ್ನೆಲ್ಲ ಕೆದಕಿದೆ. ಸರಿಯಿದ್ದವೂ ಒಂದೆರಡು ಕೆಟ್ಟವು. ಕೊನೆಗೆ ತಡೆಯಲಾರದೆ ಅಲ್ಲಿ ಕಾವಲಿದ್ದ ಹುಡುಗಿಯನ್ನು, "ಮೇಡಂ, ಇದನ್ನ ಸೆಟ್ ಮಾಡಿದ್ದು ಯಾರು?" ಅಂತ ಕೇಳಿಯೇಬಿಟ್ಟೆ.

"ಗೊತ್ತಿಲ್ಲ ಸಾರ್. ಮಾತಾಡೋ ಹಾಗಿಲ್ಲ" ಅಂದಳು.

ಫಲಿತಾಂಶ ಅಲ್ಲೇ ಪರದೆಯ ಮೇಲೆ ಬಂತು. ಫೇಲು. ಬಸವರಾಜ ಅದೇ ವಾರ ಬರೆದು ಪಾಸಾದ. ಮೊದಲನೇ ಪ್ರಶ್ನೆ ಅವನಿಗೂ ಅಂಥದ್ದೇ ಬಂದಿತ್ತಂತೆ. ಒಂದು ಕಡೆ ಬಾಗಿಲು ಮುಚ್ಚಿದ ಹಾಗೆ ವೈರು ಕೂರುವ ಪೋರ್ಟು ಮುಚ್ಚಿಟ್ಟಿದ್ದರು, ಅಷ್ಟೇನೇ. "ದೀಪಾ ಹತ್ತಿಲ್ಲಂತ ಮೊದ್ಲಽ ಕಾಣ್ತಿತ್ತಲ್ರಿ ಸರ" ಅಂದ ಫೋನಿನಲ್ಲಿ. ಅವನ ದನಿಯಲ್ಲಿ ಹೆಮ್ಮೆ ಇದ್ದಿದ್ದರೆ ಬೈಯಬಹುದಿತ್ತು. ಅದೂ ಇರಲಿಲ್ಲ ಆ ಪಾಪಿಗೆ.

ಸಂಜೆ ಸುಧಾ ಎದುರಿಗೆ ಬಂದು ಕೂತಳು. "ಹೋಗ್ಲಿ ಬಿಡಿ. ಎಲ್ಲಿ ಎಡವಿತು ಅಂತ ನಿಧಾನವಾಗಿ ಯೋಚ್ನೆ ಮಾಡಿ ನೋಡಿ."

ನಾನು ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. ಬೆನ್ನು ತಿರುಗಿಸಿ ನಿಂತ ಬಸವರಾಜ, ಸ್ವಿಚ್ ಆರಿಸಿ ಅಕ್ಕನ ಮನೆ ಸೇರಿದ ಅಮ್ಮ, ಅವರನ್ನು ಇಟ್ಟುಕೊಂಡು ವಾಪಸು ಕಳಿಸದ ಅಕ್ಕ, ಏಸಿ ಹಾಕಿದವನು, ಉತ್ತರ ಹೇಳದ ಹುಡುಗಿ, ನೋಡಿದ್ದನ್ನು ನೋಡಲಿಲ್ಲ ಅಂದ ಇವಳು, ಎಲ್ಲರನ್ನೂ ಹೆಸರು ಹಿಡಿದು ಒಬ್ಬೊಬ್ಬರಾಗಿ ನಿಲ್ಲಿಸಿದೆ. ಒಬ್ಬರನ್ನೂ ಬಿಡಲಿಲ್ಲ. ಸುಧಾ ಮಧ್ಯೆ ಬಾಯಿ ಹಾಕದೆ ಕೊನೇತನಕ ಕೇಳಿದಳು.

"ಸರಿ, ಎಲ್ಲರೂ ಸಿಕ್ಕಿಬಿದ್ರು" ಅಂದಳು. "ಯುಗಾದಿಗೆ ಕೆಲಸ ಹೋಗೋದು ಯಾರದ್ದು?"

ಅದಕ್ಕೆ ಸಾಕ್ಷಿ ಬೇಕಾಗಿರಲಿಲ್ಲ.