ಒಂದು ಕಿಲೋ ಸುಳ್ಳು ಹೇಳಿದ ತೂಕದ ಯಂತ್ರಕ್ಕೆ

ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲಿ ಸದಾ ವಿರಾಜಮಾನರಾಗಿರುವ ತೂಕದ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ವಾರಕ್ಕೆ ಮೂರು ಸಲ ತಮ್ಮ ನೆತ್ತಿಯ ಮೇಲೆ ಬರಿಗಾಲಲ್ಲಿ ನಿಲ್ಲುವ ದರ್ಜಿಯ ದೀರ್ಘದಂಡ ನಮಸ್ಕಾರಗಳು. ನನ್ನ ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ಕುಡಿದ ನೀರೆಲ್ಲ ಮೈಯಲ್ಲೇ ಠಿಕಾಣಿ ಹೂಡುವುದರಿಂದ, ಎಷ್ಟು ನೀರು ಹೊರತೆಗೆಯಬೇಕೆಂದು ಒಳಗಿನ ದೊಡ್ಡ ಯಂತ್ರಕ್ಕೆ ವರದಿ ಒಪ್ಪಿಸುವ ಗುರುತರ ಹೊಣೆ ತಮ್ಮದಾಗಿದೆ. ಅದನ್ನು ತಾವು ಎಷ್ಟು ನಿಷ್ಠೆಯಿಂದ ನಿಭಾಯಿಸುತ್ತೀರೆಂದರೆ, ಹೆಂಡತಿ ಅಡುಗೆಮನೆಯಲ್ಲಿಲ್ಲದಾಗ ನಾನು ಗುಟುಕರಿಸಿದ ಅರ್ಧ ಲೋಟವೂ ತಮ್ಮ ಕೆಂಪು ಅಂಕಿಗಳಲ್ಲಿ ಪ್ರಕಟವಾಗಿ, "ಏನಣ್ಣ, ಕೆರೆಗೇ ಬಾಯಿ ಹಾಕಿದ್ರಾ?" ಎಂದು ನರ್ಸಮ್ಮ ಇಡೀ ವಾರ್ಡಿಗೆ ಕೇಳುವಂತೆ ವಿಚಾರಿಸುತ್ತಾರೆ.

ತಮ್ಮ ಗೌರವಾರ್ಥ ನಾನು ಕಾಲರ್, ಜೇಬು, ಗುಂಡಿ ಯಾವುದೂ ಇಲ್ಲದ ಅಂಗಿಯೊಂದನ್ನು ಹೊಲಿದುಕೊಂಡೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಗೆ ಹೆದರಿ ಉಪ್ಪಿನ ಡಬ್ಬಿಯನ್ನೇ ಪಕ್ಕದ ಮನೆಗೆ ಗಡೀಪಾರು ಮಾಡಿದೆ. ಆದರೂ ತಾವು ಕರಗಲಿಲ್ಲ.

ನನ್ನ ನಿಜವಾದ ದೂರು ಬೇರೆಯೇ ಇದೆ. ಕಳೆದ ತಿಂಗಳು ನರ್ಸಮ್ಮ ಅತ್ತ ತಿರುಗಿದಾಗ ನಾನು ಮೆಲ್ಲಗೆ ಗೋಡೆಗೆ ಕೈ ಊರಿ ನಿಂತರೆ, ಸತ್ಯಸಂಧರೆಂದು ಹೆಸರಾದ ತಾವು ಒಂದು ಕಿಲೋ ಕಡಿಮೆ ತೋರಿಸಿಬಿಟ್ಟಿರಿ! ಆ ಒಂದು ಕಿಲೋ ನೀರು ಒಳಗೇ ಉಳಿದು, ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಯ ಎದೆಯಳತೆ ತೆಗೆಯುತ್ತಿದ್ದ ನನ್ನದೇ ಎದೆ ಕಟ್ಟಿ ಉಸಿರು ಸಿಗದಾಯಿತು; ಹೆಂಡತಿ ಅಳುತ್ತಾ ಟ್ಯಾಕ್ಸಿಯಲ್ಲಿ ಹಾಕಿಕೊಂಡು ತಮ್ಮ ಬಾಗಿಲಿಗೇ ತಂದಳು. ಅವತ್ತು ನಾನು ನಿಜಕ್ಕೂ ಹೆದರಿದೆ. ಅರ್ಧ ಲೋಟಕ್ಕೂ ಅನುಮಾನಪಡುವ ತಾವು ಅದೊಂದು ದಿನ ನನ್ನಂಥವನನ್ನು ನಂಬಿದ್ದಾದರೂ ಏಕೆ?

ಆದದ್ದಾಯಿತು. ಚಿಕ್ಕಂದಿನಲ್ಲಿ ಪೆನ್ಸಿಲ್ ತುಂಡನ್ನೂ ಮುಟ್ಟಗೊಡದ ನನ್ನ ಅಕ್ಕ ತನ್ನದೊಂದು ಕಿಡ್ನಿ ಕೊಡುತ್ತಿದ್ದಾಳೆಂದೂ, ಪರೀಕ್ಷೆಗಳೆಲ್ಲ ಹೊಂದಿ ಬಂದು ಸೋಮವಾರವೇ ಆಪರೇಷನ್ ಎಂದೂ ತಿಳಿಸಲು ನನಗೆ ಕುಣಿಯುವಷ್ಟು ಸಂತೋಷವಾಗುತ್ತಿದೆ. ಆದ್ದರಿಂದ ಡಾಕ್ಟರು ಅಪ್ಪಣೆ ಕೊಟ್ಟ ದಿನ ನಾನು ತಮ್ಮ ಮೇಲೆಯೇ ನಿಂತು ಒಂದು ಚೊಂಬು ನೀರನ್ನು ಗಟಗಟನೆ ಕುಡಿಯುವಾಗ ತಾವು ಕಣ್ಣು ಮುಚ್ಚಿಕೊಳ್ಳಬೇಕೆಂದೂ, ಅದಾಗದಿದ್ದರೆ ಚಪ್ಪಾಳೆಯನ್ನಾದರೂ ತಟ್ಟಬೇಕೆಂದೂ ವಿನಂತಿಸುತ್ತೇನೆ.

ಸೋಮವಾರದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಒಂಬತ್ತನೇ ಹಾಸಿಗೆಯ ದರ್ಜಿ

ತಾ.ಕ.: ಮುಂದಿನ ಸಲ ನೂರೈವತ್ತು ಗ್ರಾಂ ಹೆಚ್ಚು ಕಂಡರೆ ದಯವಿಟ್ಟು ನರ್ಸಮ್ಮನಿಗೆ ಚಾಡಿ ಹೇಳಬೇಡಿ. ಅದು ನಾನು ಕದ್ದು ಕುಡಿದದ್ದಲ್ಲ, ಅಕ್ಕ ಕೊಟ್ಟದ್ದು.