ತುಳಜಾರಾಮನ ಹೊಟ್ಟೆಯೊಳಗಿನವರು

ಬಸವಕಲ್ಯಾಣದ ತುಳಜಾರಾಮನ ಪಾಲಿಗೆ ಒಂದು ಚಿಟಿಕೆ ಸಕ್ಕರೆಯೇ ಯಮ. ಸಿಹಿ, ತುಪ್ಪ ಒಳಗೆ ಹೋದರೆ ಸಾಕು, ಮುಚ್ಚಿದ ಬಾವಿಯಲ್ಲಿ ಯಾರೋ ನರಳಿದಂತೆ ಹೊಟ್ಟೆಯಿಂದ ದನಿ ಬರುತ್ತಿತ್ತು. ಅದರ ಹಿಂದೆಯೇ ನೋವು, ಪಾಯಖಾನೆಗೆ ಓಟ.

“ಬರೀ ನಾಲಿಗಿ ಅಲ್ರಿ, ಕರುಳೂ ರುಚಿ ಹಿಡೀತದ,” ಎಂದಿದ್ದರು ಡಾಕ್ಟರ್ ನೂರೀನ್. “ಸಕ್ಕರಿ ಬಂತು, ಜಿಡ್ಡು ಬಂತು ಅಂತ ಒಳಗಿನ ಜೀವಕೋಶ ಮೆದುಳಿಗಿ ಸುದ್ದಿ ಕಳಸ್ತಾವ. ನಿಮ್ಮ ಕರುಳು ಸಣ್ಣ ಸುದ್ದಿಗೂ ಬೊಬ್ಬಿ ಹೊಡೀತದ. ಐಬಿಎಸ್ ಅಂತಾರ ಇದಕ್ಕ. ಜೀವಕ್ಕೇನೂ ಧೋಕಾ ಇಲ್ಲ.”

ಕರೆಯದೆಯೇ ಜೊತೆಗೆ ಬಂದಿದ್ದ ಪಕ್ಕದ ಮನೆಯ ಸರುಬಾಯಿಗೆ ಅರ್ಥವಾದದ್ದೇ ಬೇರೆ. “ಹಂಗಾರ ಒಳಗ ಯಾರೋ ಕುಂತು ರುಚಿ ನೋಡಾಕತ್ತಾರ!”

ಇವತ್ತು ಮಗಳು ಸೋನಾಲಿಯ ಸಂಬಂಧ ಗಟ್ಟಿಯಾಗಬೇಕಿತ್ತು. ಹುಮನಾಬಾದಿನ ಪಕ್ಕದ ಮಾಣಿಕನಗರದ ಅನೀಲಕುಮಾರನನ್ನು ಅವಳು ಮನಸಾರೆ ಮೆಚ್ಚಿದ್ದಳು. ಹುಡುಗನ ಮನೆಯ ಹಿರಿಯರು ಹುಡುಗಿಯ ಅಪ್ಪನ ಬಾಯಿಗೆ ಸಕ್ಕರೆ ಹಾಕಿದರೆ ಮಾತು ಮುಗಿದಂತೆ. ಬೇಡವೆಂದರೆ ಸಂಬಂಧವೇ ಬೇಡವೆಂದಂತೆ. ತುಳಜಾರಾಮ ಉಪವಾಸವಿದ್ದು ಬಸ್ಸು ಹತ್ತಿದ. ಸರುಬಾಯಿಯೂ ಹತ್ತಿದಳು.

ಬೀಗರ ಮನೆಯಲ್ಲಿ ಕರೆಂಟು ಹೋಗಿತ್ತು. ಮಬ್ಬು ಪಡಸಾಲೆಯ ಗೋಡೆಯ ಮೇಲೆ ಹುಡುಗನ ತೀರಿಹೋದ ಅಜ್ಜನ ಫೋಟೋ, ಕೆಳಗೊಂದು ಖಾಲಿ ಮಣೆ. ಅನೀಲಕುಮಾರನ ಅಜ್ಜಿ ಜಗದೇವಿ ಸಕ್ಕರೆ ತಂದು ಬಾಯಿಗೆ ಹಾಕಿಯೇಬಿಟ್ಟಳು. ತುಳಜಾರಾಮ ಕಣ್ಣು ಮುಚ್ಚಿ ನುಂಗಿದ.

“ಊಊಂ...”

ಪಡಸಾಲೆಯಲ್ಲಿದ್ದವರೆಲ್ಲ ಅವನ ಹೊಟ್ಟೆಯತ್ತ ತಿರುಗಿದರು.

“ಗಾಬ್ರಿ ಆಗಬ್ಯಾಡ್ರಿ,” ಎಂದಳು ಸರುಬಾಯಿ. “ಇವರ ಹೊಟ್ಟಿಯೊಳಗ ಒಬ್ಬರು ಕುಂತಾರ. ಡಾಕ್ಟರೇ ಹೇಳ್ಯಾರ.”

ಮಗಳ ಮದುವೆ ಮುರಿಯಿತೆಂದೇ ತುಳಜಾರಾಮ ಅಂದುಕೊಂಡ. ಜಗದೇವಿ ಹತ್ತಿರ ಬಂದು ಅವನ ಹೊಟ್ಟೆಗೆ ಕಿವಿಗೊಟ್ಟಳು. ಅವಳ ಕಣ್ಣು ತುಂಬಿ ಬಂತು.

“ನಮ್ಮ ಮನಿಯವರ ದನಿ! ಸಿಹಿ ತಿಂದ್ರ ಹಿಂಗೇ ನರಳತಿದ್ರು. ಲಗ್ನ ಪಕ್ಕಾ! ಆದ್ರ ಇವತ್ತೂ, ಮುಂದ ಅಮಾಸಿ ಅಮಾಸಿಗಿ ಬಂದೂ ಅವರ ಎಡಿ ನೀವೇ ಉಣಬೇಕು.”

“ಆಯಿ, ಇದು ಕರುಳಿನ ಬ್ಯಾನಿರಿ...”

“ಅವರೂ ಹಿಂಗೇ ಅಂತಿದ್ರು!”

ಸೋನಾಲಿಯ ಮುಖ ನೆನೆದು ತುಳಜಾರಾಮ ಮಣೆಯ ಮೇಲೆ ಕುಳಿತ. ಹೂರಣದ ಹೋಳಿಗೆ, ತುಪ್ಪ, ಹಾಲು ಎಲ್ಲವೂ ಬಂದವು. ಅವನು ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದ. ಹೆದರಿಕೆಗೋ ಏನೋ, ಕರುಳು ತೆಪ್ಪಗಿತ್ತು.

“ಊಊಂ...”

ದನಿ ಬಂದದ್ದು ಹಿಂದಿನಿಂದ, ಫೋಟೋ ಇದ್ದ ಕಡೆಯಿಂದ. ಸರುಬಾಯಿ ಆಗಲೇ ಹೊಸ್ತಿಲು ದಾಟಿದ್ದಳು.

ಜಗದೇವಿ ಹೋಳಿಗೆಯ ಮೇಲೆ ಇನ್ನೊಂದಿಷ್ಟು ತುಪ್ಪ ಸುರಿದಳು. “ಲಗೂ ಉಣ್ರಿ ಬೀಗ್ರ, ಅವರಿಗಿ ಹಸಿವ್ಯಾಗ್ಯದ.”